ಸವಕಳಿ ಲೆಕ್ಕದಲ್ಲಿ ಕರಗಿದ ಮನೆಗಳು

ಐಹೊಳೆಗೆ ಹೋದವರು ಲಾಡಖಾನ್ ಗುಡಿಯ ಮುಂದೆ ನಿಂತು ಕೇಳುವ ಮೊದಲ ಪ್ರಶ್ನೆ ಒಂದೇ: ಚಾಲುಕ್ಯರು ಕಟ್ಟಿಸಿದ ಗುಡಿಗೆ ಈ ಹೆಸರು ಹೇಗೆ ಬಂತು? ಲಾಡಖಾನ್ ಎಂಬಾತ ಅದನ್ನೇ ಮನೆ ಮಾಡಿಕೊಂಡಿದ್ದ, ಅಷ್ಟೇ. ಗುಡಿಯಲ್ಲಿ ಸಂಸಾರ ಹೂಡಿದವನ ಹೆಸರು ಚರಿತ್ರೆಯ ಪುಸ್ತಕಗಳಲ್ಲಿ ಉಳಿದುಬಿಟ್ಟಿತು. ಆದರೆ ಇದೇ ಬಾಗಲಕೋಟೆ ಜಿಲ್ಲೆಯಲ್ಲಿ ಕಲ್ಲು ಮಣ್ಣು ಹೊತ್ತು, ತೊಲೆ ಕೆತ್ತಿಸಿ, ಸಾಲ ಸೋಲ ಮಾಡಿ ನಿಜವಾದ ಮನೆ ಕಟ್ಟಿಸಿದವರ ಹೆಸರು ಎಲ್ಲಿಯೂ ಇಲ್ಲ. ಅವರ ಮನೆಗಳ ಪಟ್ಟಿಯೂ ಇಲ್ಲ.

ಜೇಮ್ಸ್ ಬರ್ಜೆಸ್ 1874ರಲ್ಲಿ ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳನ್ನು ಸುತ್ತಿ ಬಾದಾಮಿ, ಪಟ್ಟದಕಲ್ಲು, ಐಹೊಳೆಗಳನ್ನು ಅಳೆದು, ಚಿತ್ರ ಬರೆಸಿ, ವರದಿ ಅಚ್ಚು ಹಾಕಿಸಿದ. ಪಶ್ಚಿಮ ಭಾರತದ ಪುರಾತತ್ವ ಸಮೀಕ್ಷೆಯ ಮೊದಲ ವರದಿ ಅದು. ಅಂದಿನಿಂದ ಇಂದಿನವರೆಗೆ ನಮ್ಮ ಜಿಲ್ಲೆಯ ಪರಂಪರೆ ಎಂದರೆ ಚಾಲುಕ್ಯರು. ಪಟ್ಟದಕಲ್ಲು 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಬಾದಾಮಿಯನ್ನು 2015ರಲ್ಲಿ ಕೇಂದ್ರದ ‘ಹೃದಯ್’ ಯೋಜನೆಯ 12 ಊರುಗಳಲ್ಲಿ ಒಂದಾಗಿ ಆರಿಸಿದರು. ಇದೆಲ್ಲ ಆಗಬೇಕಾದದ್ದೇ, ಇನ್ನೂ ಹೆಚ್ಚು ಆಗಬೇಕಾದದ್ದು. ಆದರೆ ಬರ್ಜೆಸ್ ಗುಡಿಗಳಿಗೆ ಅಳತೆಪಟ್ಟಿ ಹಿಡಿದಿದ್ದ ಅದೇ ದಶಕಗಳಲ್ಲಿ ಬಾಗಲಕೋಟೆ, ಕಲಾದಗಿ, ಗುಳೇದಗುಡ್ಡ, ಇಳಕಲ್ಲು, ಜಮಖಂಡಿಗಳಲ್ಲಿ ಬಡಿಗೇರರು ಕಂಬ ನಿಲ್ಲಿಸುತ್ತಿದ್ದರು, ಗೌಂಡಿಗಳು ಗಚ್ಚು ಅರೆಯುತ್ತಿದ್ದರು. ಆ ಮನೆಗಳಿಗೆ ಈಗ ನೂರಾ ಮೂವತ್ತು, ನೂರಾ ನಲವತ್ತು ವರ್ಷ. ಅವುಗಳಲ್ಲಿ ಬಹಳಷ್ಟು ನೀರಿನಲ್ಲಿ ಹೋದವು, ಇನ್ನಷ್ಟು ಜೆಸಿಬಿ ಬಾಯಿಗೆ ಹೋದವು. ಉಳಿದವು ಕೂಡ ಇನ್ನೊಂದು ತಲೆಮಾರು ಕಾಣುವುದು ಕಷ್ಟ.

ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದದ್ದು 1837ರಲ್ಲಿ, ತೀರಿಕೊಂಡದ್ದು 1901ರಲ್ಲಿ. ನಮ್ಮ ಕಡೆಯ ಮನೆಗಳಲ್ಲಿ ಆಕೆ ಇಂದಿಗೂ ದೀಪಾವಳಿಯ ಲಕ್ಷ್ಮೀಪೂಜೆಗೆ ಬರುತ್ತಾಳೆ. ರಾಣಿ ಛಾಪಿನ ಬೆಳ್ಳಿ ರೂಪಾಯಿಯನ್ನು ಕಟ್ಟಿಗೆಯ ಪೆಟ್ಟಿಗೆಯಿಂದ ತೆಗೆದು, ಹುಣಸೆಹಣ್ಣಿನಿಂದ ತಿಕ್ಕಿ, ಕುಂಕುಮ ಇಡುತ್ತಾರೆ. ಆ ರೂಪಾಯಿಯನ್ನು ಜೋಪಾನ ಮಾಡಿದ ಮನೆತನಗಳೇ ಅದನ್ನು ಇಟ್ಟಿದ್ದ ಮನೆಯನ್ನು ಕೆಡವಿವೆ. ತಪ್ಪು ಅವರದೆಂದು ಹೇಳಲಾರೆ. ರೂಪಾಯಿಗೆ ಬೆಲೆಯಿದೆ ಎಂದು ಎಲ್ಲರೂ ಹೇಳಿದರು, ಮನೆಗೆ ಬೆಲೆಯಿದೆ ಎಂದು ಯಾರೂ ಹೇಳಲಿಲ್ಲ.

ಹತ್ತಿ, ಬರ, ರೈಲು

ಆ ಕಾಲದ ಮನೆಗಳು ಯಾಕೆ ಮುಖ್ಯ ಎಂಬುದಕ್ಕೆ ಉತ್ತರ ಅವುಗಳ ಚೆಂದದಲ್ಲಿ ಮಾತ್ರ ಇಲ್ಲ. ನಮ್ಮ ಭಾಗದ ಜನಸಾಮಾನ್ಯರ ಚರಿತ್ರೆಗೆ ಶಾಸನಗಳಿಲ್ಲ. ರವಿಕೀರ್ತಿಯಂಥ ಕವಿ ಐಹೊಳೆಯ ಮೇಗುಟಿ ಗುಡಿಯ ಗೋಡೆಯ ಮೇಲೆ ಪುಲಕೇಶಿಯನ್ನು ಹೊಗಳಿದ ಹಾಗೆ ಬಾಗಲಕೋಟೆಯ ಅರಳೆ ವ್ಯಾಪಾರಿಯನ್ನು ಯಾರೂ ಹೊಗಳಿ ಕೆತ್ತಲಿಲ್ಲ. ಅವನ ಮನೆಯೇ ಅವನ ಶಾಸನ.

1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯಿತು. ಲ್ಯಾಂಕಾಶೈರಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತಿತು, ಮುಂಬಯಿ ಪ್ರಾಂತದ ಎರೆಮಣ್ಣಿನ ಹತ್ತಿಗೆ ಬಂಗಾರದ ಬೆಲೆ ಬಂತು. ಧಾರವಾಡ, ಗದಗ, ವಿಜಾಪುರ ಸೀಮೆಯ ಪೇಟೆಗಳು ಮೊದಲ ಸಲ ದೊಡ್ಡ ರೊಕ್ಕ ಕಂಡದ್ದು ಆಗ. ಯುದ್ಧ ಮುಗಿದು ಬೆಲೆ ಕುಸಿದರೂ ಪೇಟೆ ಬೆಳೆದಿತ್ತು. ಅದರ ಬೆನ್ನಿಗೇ ಧಾತು, ಈಶ್ವರ ಸಂವತ್ಸರಗಳ ಬರ ಬಂತು: 1876, 77, 78. ಮುಂಬಯಿ ಪ್ರಾಂತದಲ್ಲಿ ಆ ಬರದ ಏಟು ಅತ್ಯಂತ ಜೋರಾಗಿ ಬಿದ್ದದ್ದು ನಮ್ಮದೇ ಕಲಾದಗಿ ಜಿಲ್ಲೆಯ ಮೇಲೆ. 1872ರ ಗಣತಿಯಲ್ಲಿ 8 ಲಕ್ಷ ದಾಟಿದ್ದ ಜನಸಂಖ್ಯೆ 1881ರ ಹೊತ್ತಿಗೆ 6 ಲಕ್ಷ 40 ಸಾವಿರದ ಆಸುಪಾಸಿಗೆ ಇಳಿದಿತ್ತು. ಸತ್ತವರೆಷ್ಟೋ, ಊರು ಬಿಟ್ಟು ಹೋದವರೆಷ್ಟೋ. 1884ರಲ್ಲಿ ಹೋಟಗಿಯಿಂದ ಗದಗಿಗೆ ರೈಲು ಬಂತು. ಬಾಗಲಕೋಟೆಗೂ ಬಾದಾಮಿಗೂ ಸ್ಟೇಷನ್ ಆದವು.

ಹತ್ತಿಯ ರೊಕ್ಕ, ಬರದ ಹೆದರಿಕೆ, ರೈಲಿನ ದಾರಿ, ಈ ಮೂರೂ ಸೇರಿ ಕಟ್ಟಿದ ಮನೆಗಳು ಇವು. ಮನೆಯ ಒಳಗೇ ಜೋಳ ಕೂಡಿಡುವ ಹಗೇವು ತೋಡಿಸಿದ್ದು ಬರದ ನೆನಪು. ಕುಂಬಾರ ಹಂಚು ಬಿಟ್ಟು ಮಂಗಳೂರು ಹಂಚು ಬಂದದ್ದು, ಹೊರಸಾಲಿಗೆ ಎರಕದ ಕಬ್ಬಿಣದ ಕಂಬ ನಿಂತದ್ದು, ಬಾಗಿಲ ಮೇಲಿನ ಅರ್ಧಚಂದ್ರದಲ್ಲಿ ಕೆಂಪು, ಹಸಿರು, ನೀಲಿ ಗಾಜು ಕೂತದ್ದು ರೈಲಿನ ಕೃಪೆ. ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ಅದೇ ಮಿಷನ್ 1851ರಲ್ಲೇ ಗುಳೇದಗುಡ್ಡದಲ್ಲಿ ಠಾಣ್ಯ ಹೂಡಿತ್ತು ಎಂಬುದನ್ನು ಕರಾವಳಿಯವರಿರಲಿ, ನಮ್ಮವರೂ ಮರೆತಿದ್ದಾರೆ.

ಕಲಾದಗಿಯ ಕಥೆಯನ್ನು ಸ್ವಲ್ಪ ನಿಂತು ಹೇಳಬೇಕು. ಬಾಗಲಕೋಟೆಯಿಂದ ಪಶ್ಚಿಮಕ್ಕೆ ಘಟಪ್ರಭೆಯ ದಂಡೆಗೆ ಇರುವ ಈ ಊರನ್ನು ಇವತ್ತು ಜನ ಚಿಕ್ಕು, ದಾಳಿಂಬೆಯ ಊರೆಂದು ಗುರುತಿಸುತ್ತಾರೆ. 1864ರಿಂದ 1885ರವರೆಗೆ ಇದು ಜಿಲ್ಲಾ ಕೇಂದ್ರ. ಇಂದಿನ ವಿಜಯಪುರ, ಬಾಗಲಕೋಟೆ ಎರಡೂ ಸೇರಿದ ಸೀಮೆಗೆ ಕಲೆಕ್ಟರ್ ಕೂತು ಹುಕುಂ ಬರೆಯುತ್ತಿದ್ದದ್ದು ಇಲ್ಲಿಂದ. ಅದಕ್ಕೂ ಮುಂಚಿನಿಂದ ಇಲ್ಲಿ ಇಂಗ್ಲಿಷರ ದಂಡು ಇತ್ತು. 1857ರ ನವೆಂಬರ್ ಕೊನೆಗೆ ಹತಾರ ಒಪ್ಪಿಸಲು ಒಲ್ಲೆವೆಂದ ಹಲಗಲಿಯ ಬೇಡರ ಮೇಲೆ ಕುದುರೆಪಡೆ ಹೊರಟದ್ದು ಈ ಕಲಾದಗಿಯಿಂದಲೇ. ಡಿಸೆಂಬರಿನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ 19 ಜನರನ್ನು ಗಲ್ಲಿಗೇರಿಸಿದರು. ಆ ದಂಗೆಯ ಲಾವಣಿಯನ್ನು ಮುಂದೆ ಸಂಗ್ರಹಿಸಿ ಅಚ್ಚು ಮಾಡಿಸಿದವನೂ ಒಬ್ಬ ಇಂಗ್ಲಿಷ್ ಅಧಿಕಾರಿಯೇ, ಜೆ.ಎಫ್. ಫ್ಲೀಟ್. ಇಂಥ ಊರಿನ ಬಂಗಲೆಯನ್ನು ನಮ್ಮ ಪರಂಪರೆ ಎನ್ನಬಹುದೇ ಎಂದು ಕೆಲವರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ನನ್ನ ಉತ್ತರ ಹೌದು. ಆ ಕುದುರೆಪಡೆ ಎಂಥ ಊರಿನಿಂದ ಹೊರಟಿತು, ಅಲ್ಲಿಯ ಕಚೇರಿ, ತಿಜೋರಿ, ಜೇಲು, ಸಾಹೇಬರ ವರಾಂಡ ಒಂದಕ್ಕೊಂದು ಎಷ್ಟು ದೂರದಲ್ಲಿದ್ದವು ಎಂಬುದನ್ನು ತಿಳಿಯದೆ ಹಲಗಲಿಯ ಕಥೆ ಅರ್ಧವೇ ತಿಳಿದಂತೆ. ಮತ್ತೆ, ಆ ಬಂಗಲೆಗಳನ್ನು ಕಟ್ಟಿದ ಕೈಗಳು ನಮ್ಮವು. ಕಲ್ಲು ನಮ್ಮದು.

ಆ ಕಲ್ಲಿನ ಮಾತಿಗೆ ಬಂದರೆ, 1885ರಲ್ಲಿ ಕಚೇರಿಗಳು ವಿಜಾಪುರಕ್ಕೆ ಹೋದ ಮೇಲೆ ಕಲಾದಗಿ ಎಂಬ ಹೆಸರು ಜಿಲ್ಲೆಗೆ ಉಳಿಯಲಿಲ್ಲ, ಬಂಡೆಗೆ ಉಳಿಯಿತು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1876ರ ತನ್ನ ಗ್ರಂಥದಲ್ಲಿ ಈ ಸೀಮೆಯ ಪದರಗಲ್ಲುಗಳನ್ನು ವಿವರಿಸಿದ, ಇಂದಿಗೂ ಜಗತ್ತಿನ ಭೂವಿಜ್ಞಾನಿಗಳು ಅವನ್ನು ಕಲಾದಗಿಯ ಹೆಸರಿನಿಂದಲೇ ಕರೆಯುತ್ತಾರೆ. ಹಳೆಯ ಮನೆಗಳ ಗೋಡೆಯಲ್ಲಿ ಈ ಭೂಗೋಳ ಕಣ್ಣಿಗೆ ಕಾಣುತ್ತದೆ. ಬಾದಾಮಿ, ಗುಳೇದಗುಡ್ಡದ ಗೋಡೆಗೆ ಕೆಂಪು ಮರಳುಗಲ್ಲು. ಬಾಗಲಕೋಟೆಯಲ್ಲಿ ಸುಣ್ಣಗಲ್ಲಿನ ಹಾಸು. ಇಳಕಲ್ಲಿನ ಕಡೆಗೆ ಹೋದರೆ ಗ್ರಾನೈಟ್. ಲಾರಿ ಇಲ್ಲದ ಕಾಲದಲ್ಲಿ ಚಕ್ಕಡಿ ಎಷ್ಟು ದೂರ ಕಲ್ಲು ಹೊರಬಲ್ಲದೋ ಅಷ್ಟೇ ದೂರದ ಕಲ್ಲಿನಲ್ಲಿ ಮನೆ ಏಳುತ್ತಿತ್ತು.

ಮುಂದೆ ಬಂಗಲೆ, ಹಿಂದೆ ವಾಡೆ

ವಿಕ್ಟೋರಿಯಾ ಕಾಲದ ಮನೆ ಎಂದಾಕ್ಷಣ ಬೆಂಗಳೂರಿನ ದಂಡಿನ ಬಂಗಲೆ, ಊಟಿಯ ಕಾಟೇಜು ನೆನಪಾಗುತ್ತವೆ. ನಮ್ಮ ಸಣ್ಣ ಊರುಗಳಲ್ಲಿ ಅದು ಬೇರೆಯೇ ರೂಪ ತಾಳಿತು. ಬೀದಿಗೆ ಕಾಣುವ ಮುಖ ಒಂದು ಕಾಲಕ್ಕೆ ಸೇರಿದ್ದು, ಹೊಚ್ಚಲ ದಾಟಿದ ಮೇಲಿನ ಒಡಲು ಇನ್ನೊಂದು ಕಾಲಕ್ಕೆ. ಮುಂದೆ ಎರಡೂ ಪಕ್ಕ ಸಮ ನಿಂತ ಕಿಟಕಿಗಳು, ಅರ್ಧವೃತ್ತದ ಕಮಾನು, ಗಾರೆಯಲ್ಲಿ ಎಬ್ಬಿಸಿದ ಹೂಬಳ್ಳಿ, ಮೇಲೆ ಕಟಕಟೆಯ ಸಜ್ಜಾ. ಕಲೆಕ್ಟರನ ಕಚೇರಿಗೋ ರೈಲ್ವೆ ಸ್ಟೇಷನ್ನಿಗೋ ಹೋಗಿ ಬಂದ ಸಾವುಕಾರ ತನ್ನ ಗೌಂಡಿಗೆ ಹೇಳಿ ಮಾಡಿಸಿದ್ದು. ಒಳಗೆ ಕಾಲಿಟ್ಟರೆ ಅಜ್ಜನ ಕಾಲದ ವಾಡೆಯೇ: ಪಡಸಾಲಿ, ನಡುಮನಿ, ದೇವರ ಜಗಲಿ, ಅಡಗಿ ಮನಿ, ಬಚ್ಚಲ, ಹಿತ್ತಲ. ಎತ್ತು ಎಮ್ಮೆ ಕಟ್ಟುವ ಗ್ವಾದಲಿ ತಲೆಬಾಗಿಲ ಒಳಗೇ. ಮನೆಯ ಅಳತೆ ಇಂಗ್ಲಿಷ್ ಫೂಟಿನಲ್ಲಿಲ್ಲ, ಅಂಕಣದಲ್ಲಿದೆ. ಕಂಬದಿಂದ ಕಂಬಕ್ಕೆ ಇರುವ ಜಾಗ ಒಂದು ಅಂಕಣ. ಮಗಳ ಮನೆ ನೋಡಲು ಹೋದವರು ಎಷ್ಟು ಅಂಕಣದ ಮನೆ ಎಂದು ಕೇಳಿಯೇ ಬೀಗರ ಸ್ಥಿತಿ ತಿಳಿಯುತ್ತಿದ್ದರು.

ಈ ಕಟ್ಟಣೆ ಎಷ್ಟು ಬುದ್ಧಿವಂತಿಕೆಯದು ಎಂಬುದು ಏಪ್ರಿಲ್‌ನಲ್ಲಿ ಗೊತ್ತಾಗುತ್ತದೆ. ಹೊರಗೆ 40 ಡಿಗ್ರಿ ದಾಟಿದ ಬಿಸಿಲಿದ್ದಾಗ ಎರಡು, ಮೂರು ಅಡಿ ದಪ್ಪದ ಕಲ್ಲುಮಣ್ಣಿನ ಗೋಡೆ ಆ ಕಾವನ್ನು ಒಳಗೆ ಬಿಡಲು ಹಗಲೆಲ್ಲ ತೆಗೆದುಕೊಳ್ಳುತ್ತದೆ. ಕಾವು ಒಳಮುಖ ತಲುಪುವ ಹೊತ್ತಿಗೆ ರಾತ್ರಿಯಾಗಿ, ಮನೆಯವರು ಮಾಳಿಗೆಯ ಮೇಲೆ ಹಾಸಿಗೆ ಹಾಸಿರುತ್ತಾರೆ. ಮಾಳಿಗೆಯೂ ಹಾಗೆಯೇ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆಯ ಸೀಳು ಇಲ್ಲವೇ ಹಾಸುಗಲ್ಲು, ಅದರ ಮೇಲೆ ಬಡಿದು ಕೂಡಿಸಿದ ಮಣ್ಣು, ಎಲ್ಲಕ್ಕೂ ಮೇಲೆ ನೀರು ಇಂಗಗೊಡದ ಹಾಳಮಣ್ಣು. ನಡುವೆ ಬೆಳಕಿಂಡಿ. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಸೀಮೆಗೆ ಇಷ್ಟು ಸಾಕು. ಮಲೆನಾಡಿನಲ್ಲಿ ಇದೇ ಮಾಳಿಗೆ ಒಂದು ಮಳೆಗಾಲ ಬಾಳದು, ಮಲೆನಾಡಿನ ಇಳಿಜಾರು ಸೂರು ಇಲ್ಲಿ ದುಂದು. ಮಿರಗದ ಮಳೆಗೆ ಮುಂಚೆ ಮಾಳಿಗೆಗೆ ಹೊಸ ಹಾಳಮಣ್ಣು ಹಾಕಿಸಿ, ಹುಲ್ಲು ಕಿತ್ತು, ದೋಣಿಯ ಬಾಯಿ ಬಿಡಿಸಬೇಕು. ಇದೊಂದು ಕೆಲಸ ತಪ್ಪದಿದ್ದರೆ ನೂರು ವರ್ಷ ಅಲುಗದು. ಎರಡು ವರ್ಷ ತಪ್ಪಿದರೆ ಜಂತಿಯ ತುದಿ ಕೊಳೆಯಲು ಶುರು.

ಹಗೇವಿನ ಬಗ್ಗೆ ಹೊಸ ತಲೆಮಾರಿಗೆ ಹೇಳಲೇಬೇಕು. ಅಂಗಳದಲ್ಲೋ ಪಡಸಾಲಿಯಲ್ಲೋ ಆಳಕ್ಕೆ ತೋಡಿದ ಜೋಳದ ಗುಮ್ಮಿ ಅದು. ಬಾಯಿ ಚಿಕ್ಕದು, ಒಡಲು ದೊಡ್ಡದು. ಒಳಗೆ ಜೋಳದ ದಂಟು ಹುಲ್ಲು ಹೊದಿಸಿ, ಕಾಳು ಸುರಿದು, ಕಲ್ಲು ಮುಚ್ಚಿ, ಮಣ್ಣು ಮೆತ್ತಿದರೆ ಗಾಳಿಯಾಡದ ಕತ್ತಲಲ್ಲಿ ಹುಳಕ್ಕೆ ಉಸಿರಿಲ್ಲ, ಕಾಳು ವರ್ಷಗಟ್ಟಲೆ ಕೆಡದು. ಮುಚ್ಚಳ ತೆಗೆದ ಕೂಡಲೇ ಯಾರೂ ಇಳಿಯುವಂತಿಲ್ಲ, ಒಳಗಿನ ಗಾಳಿ ಮನುಷ್ಯನನ್ನೂ ಕೊಲ್ಲುತ್ತದೆ. ದೀಪ ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಇಳಿಯುವುದು. ಈ ತಿಳಿವಳಿಕೆಯನ್ನು ಯಾವ ಕಾಲೇಜೂ ಕಲಿಸಲಿಲ್ಲ. ಮನೆ ಕೆಡವುವಾಗ ಇಂಥ ಹಗೇವುಗಳಿಗೆ ಕಟ್ಟಡದ ಹಾಳುಮಣ್ಣು ತುಂಬಿ ಮುಚ್ಚಿಬಿಡುತ್ತಾರೆ. ಒಂದರ ನಕ್ಷೆಯನ್ನಾದರೂ ಅಳೆದು ಬರೆದಿಡಬಾರದೇ ಎಂದು ನನಗೆ ಪ್ರತಿ ಸಲವೂ ಅನ್ನಿಸುತ್ತದೆ.

ಇಳಕಲ್ಲಿನಲ್ಲಿ ಮನೆಯ ಅಳತೆಯನ್ನು ಮಗ್ಗವೇ ನಿರ್ಧರಿಸಿತು. ಕುಣಿಮಗ್ಗಕ್ಕೆ ನೆಲದಲ್ಲಿ ತಗ್ಗು ಬೇಕು, ಹಾಸಿನ ಉದ್ದಕ್ಕೆ ತಕ್ಕ ಪಡಸಾಲಿ ಬೇಕು, ಕಣ್ಣಿಗೆ ನೋವಾಗದ ಬೆಳಕು ಬೇಕು. ಸೀರೆಯ ಒಡಲಿನ ಹಾಸಿಗೂ ಸೆರಗಿನ ರೇಷ್ಮೆಯ ಹಾಸಿಗೂ ಕೊಂಡಿ ಹಾಕುವ ಕೆಲಸ ಕಣ್ಣಳತೆಯದು. ಇಳಕಲ್ ಸೀರೆಗೆ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿದೆ. ಸೀರೆ ಹುಟ್ಟುವ ಮನೆಗೆ ಅಂಥದೇನೂ ಇಲ್ಲ. ಪವರ್‌ಲೂಮ್ ಬಂದ ಮೇಲೆ ತಗ್ಗಿಗೆ ಮಣ್ಣು ತುಂಬಿ ಟೈಲ್ಸ್ ಹಾಕಿದ ಪಡಸಾಲಿಗಳು ಹೆಚ್ಚುತ್ತಿವೆ.

ಮನೆಯ ವಯಸ್ಸು ತಿಳಿಯುವುದು ಕಷ್ಟವೇನಲ್ಲ. ತಲೆಬಾಗಿಲ ಚೌಕಟ್ಟಿನ ಮೇಲೆ ಗಜಲಕ್ಷ್ಮಿಯ ಪಕ್ಕ ಶಕೆ ಕೆತ್ತಿದ್ದರೆ ಅದಕ್ಕೆ 78 ಕೂಡಿಸಿದರಾಯಿತು; ಶಕೆ 1815 ಎಂದರೆ 1893. ಹಂಚಿನ ಹಿಂಬದಿ ಕಾರ್ಖಾನೆಯ ಹೆಸರು ಇರುತ್ತದೆ. ಕಬ್ಬಿಣದ ತೊಲೆಯಿದ್ದರೆ ಅದರ ಮೈಮೇಲೆ ಡಾರ್ಮನ್ ಲಾಂಗ್‌ನಂಥ ಇಂಗ್ಲಿಷ್ ಕಂಪನಿಯ ಅಚ್ಚು ಉಬ್ಬಿ ಕಾಣುತ್ತದೆ. ಗೋಡೆಯ ಮೇಲೆ ರವಿವರ್ಮನ ಲಕ್ಷ್ಮಿಯೋ ಸರಸ್ವತಿಯೋ ಇದ್ದರೆ ಅವು 1894ರ ನಂತರ ಬಂದವು. ಮುಂಬಯಿಯಲ್ಲಿ ಅವನ ಅಚ್ಚುಕೂಟ ಶುರುವಾದದ್ದು ಆ ವರ್ಷ.

ಅದೇ 1894ರಲ್ಲಿ ಇನ್ನೊಂದೂ ಬಂತು. ಭೂಸ್ವಾಧೀನ ಕಾಯ್ದೆ.

ಬೆಲೆ ಕಟ್ಟಿದ ಬಗೆ

ಲಾಲ್ ಬಹಾದ್ದೂರ್ ಶಾಸ್ತ್ರಿ 1964ರ ಮೇ 22ರಂದು ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಇಟ್ಟರು. ಕೃಷ್ಣೆಯ ನೀರು ಲಕ್ಷಾಂತರ ಎಕರೆಗೆ ಹರಿಯಬೇಕಿತ್ತು, ಹರಿದಿದೆ. ಆ ನೀರಿನ ಹಿನ್ನೀರು ಘಟಪ್ರಭೆಯ ಪಾತ್ರದಲ್ಲಿ ಏರಿಬಂದು ಹಳೆ ಬಾಗಲಕೋಟೆಯ ಕಾಲಿಗೆ ತಾಗಿತು. ಮುಳುಗುವ ಊರಿಗೆ ಬದಲು ಊರು ಕಟ್ಟಲು 1983ರಲ್ಲಿ ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ ಹುಟ್ಟಿತು. ಹೊಸ ಊರಿನ ನಕ್ಷೆಗೆ ಕೈಹಾಕಿದವರು ಸಾಮಾನ್ಯರಲ್ಲ, ಚಾರ್ಲ್ಸ್ ಕೊರಿಯಾ. ನವನಗರದಲ್ಲಿ ಅಗಲ ರಸ್ತೆ ಬಂದವು, ಗಟಾರು ಬಂದವು, ಆಸ್ಪತ್ರೆ, ಕಾಲೇಜು ಬಂದವು. ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆಯವರು ಸೆಕ್ಟರ್ ನಂಬರಿನವರಾದರು. ಆದರೂ ಹೋಳಿ ಬಂತೆಂದರೆ ಓಣಿಯ ಹೆಸರು ಮರಳಿ ಬಾಯಿಗೆ ಬರುತ್ತದೆ. ಹಲಗಿಯ ಸದ್ದು, ಸೋಗಿನ ಬಂಡಿ, ಬಣ್ಣದ ಬಂಡಿ ಓಣಿ ಓಣಿಯ ಲೆಕ್ಕದಲ್ಲೇ ಹೊರಡುವುದು.

ಊರು ಎತ್ತುವಾಗ ಪ್ರತಿಯೊಂದು ಮನೆಯನ್ನೂ ಅಳೆದರು. ಎಂಜಿನಿಯರುಗಳು ಬಂದು ಟೇಪು ಹಿಡಿದು, ಗೋಡೆ ಎಷ್ಟು, ಕಂಬ ಎಷ್ಟು, ಬಾಗಿಲು ಎಷ್ಟು ಎಂದು ಬರೆದರು. ಕಟ್ಟಡಕ್ಕೆ ಬೆಲೆ ಕಟ್ಟುವ ಪದ್ಧತಿ ಹೀಗೆ: ಅಂಥ ಕಟ್ಟಡ ಕಟ್ಟಲು ಲೋಕೋಪಯೋಗಿ ಇಲಾಖೆಯ ದರಪಟ್ಟಿಯ ಪ್ರಕಾರ ಏನು ಖರ್ಚು ಎಂದು ಮೊದಲು ನೋಡಬೇಕು, ಆಮೇಲೆ ಕಟ್ಟಡದ ವಯಸ್ಸಿಗೆ ತಕ್ಕಂತೆ ಸವಕಳಿ ಕಳೆಯಬೇಕು. ವಯಸ್ಸು ಹೆಚ್ಚಾದಷ್ಟೂ ಕಳೆಯುವುದು ಹೆಚ್ಚು. ನೂರು ವರ್ಷ ದಾಟಿದ ಮನೆಗೆ ಉಳಿಯುವುದು ಬಹುತೇಕ ಕಟ್ಟಿಗೆ ಕಲ್ಲಿನ ಬೆಲೆ. ಜಗತ್ತಿನ ಯಾವ ಪರಂಪರೆಯ ಲೆಕ್ಕದಲ್ಲಾದರೂ ವಯಸ್ಸು ಕೂಡುವ ಅಂಕಿ. ಇಲ್ಲಿ ಅದು ಕಳೆಯುವ ಅಂಕಿ ಆಯಿತು. ವಿಕ್ಟೋರಿಯಾ ಕಾಲದ ಮನೆಯನ್ನು ವಿಕ್ಟೋರಿಯಾ ಕಾಲದ ಕಾನೂನು ಅಳೆಯಿತು, ಕಾನೂನಿನ ಕಣ್ಣಿಗೆ ಮನೆ ಮುದಿಯಾಗಿ ಕಂಡಿತು. 1984ರ ತಿದ್ದುಪಡಿಯಲ್ಲಿ ಬಲವಂತದ ಸ್ವಾಧೀನಕ್ಕೆಂದು ಕೊಡುವ ಹೆಚ್ಚುವರಿ ಮೊತ್ತ ಶೇ 30ಕ್ಕೆ ಏರಿತು. ಆದರೆ ಕೆತ್ತನೆಗೆ, ಗಚ್ಚಿನ ಕೆಲಸಕ್ಕೆ, ನಾಲ್ಕು ತಲೆಮಾರಿನ ಬಾಳಿಕೆಗೆ ಒಂದು ಕಾಲಂ ಕೂಡ ಇರಲಿಲ್ಲ.

ಪರಿಹಾರ ಪಡೆದವರು ಕೆಲವರು ತಲೆಬಾಗಿಲನ್ನು ಬಿಚ್ಚಿ ನವನಗರಕ್ಕೆ ಒಯ್ದರು. ಹೊಸ ಮನೆಯ ಸಿಮೆಂಟು ಗೋಡೆಗೆ ಆ ಬಾಗಿಲು ಎತ್ತರ ಹೆಚ್ಚು, ಅಗಲ ಹೆಚ್ಚು. ಬಹಳ ಜನ ಮಾರಿದರು. ಮನೆ ಬಿಚ್ಚುವ ವ್ಯಾಪಾರಿಗೆ ಕಂಬದ ಬೆಲೆ ಸರಕಾರಕ್ಕಿಂತ ಚೆನ್ನಾಗಿ ಗೊತ್ತಿರುತ್ತದೆ. ನಮ್ಮ ಊರುಗಳ ಕೆತ್ತನೆಯ ಕಂಬಗಳು ಇಂದು ದೂರದ ಹೋಟೆಲುಗಳಲ್ಲಿ, ತೋಟದ ಮನೆಗಳಲ್ಲಿ ಊರಿನ ಹೆಸರಿಲ್ಲದೆ ನಿಂತಿವೆ.

ನೀರು ತಾಗದ ಊರುಗಳಲ್ಲಿ ಬೇರೆ ಕಾರಣಗಳಿವೆ. 2009ರ ಸೆಪ್ಟೆಂಬರ್, ಅಕ್ಟೋಬರಿನ ಮಳೆಗೆ ಉತ್ತರ ಕರ್ನಾಟಕದ ಮಾಳಿಗೆ ಮನೆಗಳು ಸಾಲುಸಾಲಾಗಿ ಕುಸಿದವು. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಉಕ್ಕಿದವು. ಆಗ ಪೂರ್ತಿ ಬಿದ್ದ ಮನೆ ಮತ್ತೆ ಕಟ್ಟಲು 5 ಲಕ್ಷ ರೂಪಾಯಿ, ಸ್ವಲ್ಪ ಹಾನಿಯಾದ ಮನೆಗೆ 50 ಸಾವಿರ ಎಂದು ಗೊತ್ತುಮಾಡಿದರು. ಮನೆ ಕಳೆದುಕೊಂಡವರಿಗೆ ಆ ಹಣ ಜೀವ ಉಳಿಸಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎರಡು ಜಂತಿ ಬದಲಿಸಿ, ಮೂಲೆಯ ಗೋಡೆ ಎತ್ತಿದರೆ ನಿಲ್ಲಬಹುದಾಗಿದ್ದ ಮನೆಗೆ ರಿಪೇರಿಯ ದಾರಿಗಿಂತ ಕೆಡವುವ ದಾರಿ ಹತ್ತಿರವಾಯಿತು. ಐಹೊಳೆ, ಬಾದಾಮಿಗಳಲ್ಲಿ ಸ್ಮಾರಕದಿಂದ 100 ಮೀಟರಿನ ಒಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆಯ 200 ಮೀಟರಿನಲ್ಲಿ ನಿರ್ಬಂಧ; 2010ರ ತಿದ್ದುಪಡಿಯ ನಿಯಮ ಅದು. ಅಲ್ಲಿಯ ಹಳೆಯ ಮನೆಯವನಿಗೆ ಸೋರುವ ಮಾಳಿಗೆ ಸರಿಪಡಿಸಲೂ ಅನುಮತಿ ಕಾಗದ ಬೇಕು. ಅವನ ಮನೆ ಸ್ಮಾರಕದ ನೆರೆಯದಾಗಿ ಎಣಿಕೆಗೆ ಬರುತ್ತದೆ, ತಾನಾಗಿ ಬರುವುದಿಲ್ಲ.

ಮನೆಯೊಳಗೆ ಬಾಳಿದವರ ಕಷ್ಟವನ್ನೂ ಹೇಳದಿದ್ದರೆ ಅನ್ಯಾಯವಾದೀತು. ದೊಡ್ಡಮನಿಯ ಹಿರಿಮೆ ಹೊತ್ತದ್ದು ಹೆಣ್ಣುಮಕ್ಕಳ ಸೊಂಟ. ನೆಲ ಸಾರಿಸುವುದು, ಗೋಡೆಗೆ ಮಣ್ಣು ಬಳಿಯುವುದು, ಬೆಳಕಿಂಡಿಯಿಂದ ಮಳೆ ಸುರಿದಾಗ ಬುಟ್ಟಿ ಪಾತ್ರೆ ಹಿಡಿದು ಓಡುವುದು ಅವರ ಪಾಲು. ಹೊಗೆ ತುಂಬಿದ ಅಡಗಿ ಮನಿ, ಹೊರಗಿನ ಬಚ್ಚಲ, ಕತ್ತಲೆಯ ನಡುಮನಿಯಲ್ಲಿ ಬಾಣಂತನ. ಆ ಮನೆಗಳ ಕೆಲವು ಹೊಚ್ಚಲುಗಳನ್ನು ದಾಟಲು ಊರಿನ ಎಲ್ಲ ಜಾತಿಯವರಿಗೂ ಅವಕಾಶವಿರಲಿಲ್ಲ. ಪಾಲಿನ ಜಗಳ ಬೇರೆ. ಐವರು ಅಣ್ಣತಮ್ಮಂದಿರಿಗೆ ಪಾಲಾದ ವಾಡೆಯ ನಡುವೆ ಗೋಡೆ ಎದ್ದು, ಒಬ್ಬನ ಪಾಲಿಗೆ ಸಿಮೆಂಟು ಸ್ಲ್ಯಾಬ್ ಬಿದ್ದು, ಇನ್ನೊಬ್ಬನ ಪಾಲು ಬೀಗ ಜಡಿದು ಪುಣೆಗೋ ಬೆಂಗಳೂರಿಗೋ ಹೋದವನ ನೆನಪಿನಲ್ಲಿ ಕುಸಿಯುತ್ತದೆ. ಆ ಮನೆಯಲ್ಲೇ ಇರಿ ಎಂದು ಯಾರಿಗೂ ಹೇಳುವ ಅಧಿಕಾರ ನನಗಿಲ್ಲ. ಒಂದು ಒಳ್ಳೆಯ ಬಚ್ಚಲು, ಗಾಳಿಯಾಡುವ ಅಡಿಗೆಮನೆ ಕೂಡಿಸಿ ಹಳೆಯ ಮನೆಯನ್ನು ಬಾಳಿಸುವುದು ಸಾಧ್ಯವೆಂದು ಹೇಳಿಕೊಡುವ ಒಬ್ಬ ಎಂಜಿನಿಯರ್ ಆದರೂ ತಾಲೂಕಿಗೆ ಇರಬೇಕಿತ್ತು. ಈಗ ಸಿಗುವ ಸಲಹೆ ಸಿಮೆಂಟು ಬಳಿಸಿ ಎಂಬುದೊಂದೇ. ಮಣ್ಣಿನ ಗೋಡೆಗೆ, ಗಚ್ಚಿನ ಗೋಡೆಗೆ ಸಿಮೆಂಟು ಬಳಿದರೆ ನೆಲದಿಂದ ಏರಿದ ತೇವ ಹೊರಗೆ ಆರಲು ದಾರಿ ಕಾಣದೆ ಒಳಗೇ ಉಳಿಯುತ್ತದೆ. ಮೇಲೆ ಗಟ್ಟಿಯಾಗಿ ಕಾಣುವ ಗೋಡೆ ಒಳಗೆ ಪುಡಿಯಾಗುತ್ತದೆ. ಸುಣ್ಣ ಆ ತೇವವನ್ನು ಬಿಡುತ್ತಿತ್ತು.

ಉಳಿದ ನೀರು, ಉಳಿದ ಮನೆ

ಇಂಗ್ಲೆಂಡಿನಲ್ಲೇ ವಿಕ್ಟೋರಿಯಾ ಕಾಲದ ಕಟ್ಟಡಗಳನ್ನು ಒಂದು ಕಾಲಕ್ಕೆ ಕುರೂಪವೆಂದು ಕೆಡವುತ್ತಿದ್ದರು. ಅವನ್ನು ಉಳಿಸಲೆಂದೇ 1958ರಲ್ಲಿ ವಿಕ್ಟೋರಿಯನ್ ಸೊಸೈಟಿ ಹುಟ್ಟಿತು. ಆದರೂ ಲಂಡನ್ನಿನ ಯೂಸ್ಟನ್ ಸ್ಟೇಷನ್ನಿನ ಮಹಾಕಮಾನು 1960ರ ದಶಕದ ಆರಂಭದಲ್ಲಿ ನೆಲಕ್ಕುರುಳಿತು. ಅದರ ನೋವಿನಿಂದ ಎಚ್ಚೆತ್ತವರು ಸೇಂಟ್ ಪ್ಯಾಂಕ್ರಾಸ್ ಸ್ಟೇಷನ್ನನ್ನು ಉಳಿಸಿಕೊಂಡರು. ಅಪ್ಪ, ಅಜ್ಜ ಕಟ್ಟಿದ್ದು ಬರೀ ಹಳೆಯದಾಗಿ ಕಾಣುವುದು ಎಲ್ಲ ದೇಶಗಳಲ್ಲೂ ಇದೆ. ಮುತ್ತಜ್ಜನದಾಗುವವರೆಗೆ ಅದು ಉಳಿದರೆ ತಾನೇ ಪುರಾತನ ಎನ್ನಿಸಿಕೊಳ್ಳುವುದು.

ನಮ್ಮ ನಾಡಿನಲ್ಲಿ ಮನೆ ಉಳಿಯಲು ಇನ್ನೊಂದು ಷರತ್ತಿದೆ, ಅದರಲ್ಲಿ ದೊಡ್ಡವರು ಇದ್ದಿರಬೇಕು. ಕುಪ್ಪಳಿಯ ಕವಿಮನೆ ಉಳಿಯಿತು. ಮೈಸೂರಿನ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಅವರ ಮನೆಯನ್ನು 2011ರಲ್ಲಿ ಕೆಡವಲು ಶುರುಮಾಡಿದ ಮೇಲೆ ಕೂಗೆದ್ದು, ಪಾಲಿಕೆ ಅದನ್ನು ಕೊಂಡು 2016ರಲ್ಲಿ ವಸ್ತುಸಂಗ್ರಹಾಲಯ ಮಾಡಿತು. ಸಂತೋಷ. ಗುರುದೇವ ರಾನಡೆಯವರು 1886ರಲ್ಲಿ ಜಮಖಂಡಿಯಲ್ಲಿ ಹುಟ್ಟಿ ಅಲ್ಲೇ ಓದಿದವರು, ಅವರ ಹೆಸರಿನ ಬಲದಿಂದ ಅಲ್ಲಿ ಏನಾದರೂ ಉಳಿದೀತು. ಹಳಪೇಟೆಯ ಅರಳೆ ಅಂಗಡಿಯವನ ಮನೆಯಲ್ಲಿ ಕವಿ ಹುಟ್ಟಲಿಲ್ಲ.

ಮಣಿಪಾಲದಲ್ಲಿ ವಿಜಯನಾಥ ಶೆಣೈ ಎಂಬವರು ಈ ಷರತ್ತನ್ನು ಮುರಿದರು. ನಾಡಿನ ಮೂಲೆ ಮೂಲೆಯಲ್ಲಿ ಕೆಡವಲು ಹೊರಟ ಮನೆಗಳನ್ನು ಕಂಬ ಕಂಬ, ಜಂತಿ ಜಂತಿ ನಂಬರು ಹಾಕಿ ಬಿಚ್ಚಿ ತಂದು ‘ಹಸ್ತಶಿಲ್ಪ’ ಪರಂಪರೆಯ ಗ್ರಾಮದಲ್ಲಿ ಮತ್ತೆ ನಿಲ್ಲಿಸಿದರು. ಅಲ್ಲಿ ನಮ್ಮ ಜಿಲ್ಲೆಯ ಮುಧೋಳದ ಅರಮನೆಯ ದರ್ಬಾರು ಸಭಾಂಗಣವೂ ಇದೆ. ಘೋರ್ಪಡೆ ಅರಸರ ದರ್ಬಾರನ್ನು ನೋಡಲು ಮುಧೋಳದ ಮಕ್ಕಳು ಘಟ್ಟ ಇಳಿದು ಕರಾವಳಿಗೆ ಹೋಗಬೇಕು. ನನಗೆ ಇದರಿಂದ ಸಂಕಟವಾಗುತ್ತದೆ, ಕೃತಜ್ಞತೆಯೂ ಆಗುತ್ತದೆ. ಅವರು ಒಯ್ಯದಿದ್ದರೆ ಅದೂ ಇರುತ್ತಿರಲಿಲ್ಲ.

ಮನಸ್ಸು ಮಾಡಿದರೆ ನಮ್ಮ ಎಂಜಿನಿಯರುಗಳು ಏನು ಮಾಡಬಲ್ಲರು ಎಂಬುದಕ್ಕೆ ಸಾಕ್ಷಿ ಆಲಮಟ್ಟಿಯ ಕೆಳಗಿನ ನಾರಾಯಣಪುರ ಅಣೆಕಟ್ಟಿನ ಹಿನ್ನೀರಿನ ನಡುವೆಯೇ ಇದೆ. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಮಂಟಪದ ಸುತ್ತ ಬಾವಿಯಂತೆ ಗೋಡೆ ಎತ್ತಿ, ಸುತ್ತಲೂ ನೀರು ನಿಂತರೂ ಮಂಟಪ ಇದ್ದಲ್ಲೇ ಉಳಿಯುವಂತೆ ಮಾಡಿದ್ದಾರೆ. ಪ್ರತಿ ವಾಡೆಗೂ ಅಂಥ ಗೋಡೆ ಎತ್ತಲಾಗದು, ನಾನು ಅದನ್ನು ಕೇಳುತ್ತಲೂ ಇಲ್ಲ.

ಕೇಳುವುದು ಇಷ್ಟು. ಆಲಮಟ್ಟಿಯ ನೀರಿನ ಮಟ್ಟ ಈಗ 519.6 ಮೀಟರ್. ಎರಡನೆಯ ಕೃಷ್ಣಾ ನ್ಯಾಯಮಂಡಳಿಯ 2010ರ ತೀರ್ಪು ಅದನ್ನು 524.256 ಮೀಟರಿಗೆ ಏರಿಸಲು ಒಪ್ಪಿದೆ. ಗೇಟು ಏರುವ ದಿನ ಇನ್ನಷ್ಟು ಹಳ್ಳಿಗಳು, ಹಳೆ ಬಾಗಲಕೋಟೆಯಲ್ಲಿ ಉಳಿದ ಓಣಿಗಳು ನೀರಿನ ಗೆರೆಯ ಒಳಗೆ ಬರುತ್ತವೆ. ಅದಕ್ಕೆ ಮುಂಚೆ ಮತ್ತೆ ಪ್ರತಿಯೊಂದು ಮನೆಗೂ ಟೇಪು ಹಿಡಿದು ಬರುತ್ತಾರೆ. 1894ರ ಕಾಯ್ದೆ ಈಗಿಲ್ಲ, 2013ರ ಕಾಯ್ದೆ ಬಂದಿದೆ. ಅದರ 29ನೆಯ ಕಲಮು ಕಟ್ಟಡದ ಬೆಲೆ ಕಟ್ಟಲು ಎಂಜಿನಿಯರನ್ನು ಕರೆಯಬಹುದು, ಆಯಾ ವಿಷಯದ ಬೇರೆ ತಜ್ಞರನ್ನೂ ಕರೆಯಬಹುದು ಎನ್ನುತ್ತದೆ. ಆ ‘ಬೇರೆ ತಜ್ಞರ’ ಬಾಗಿಲನ್ನು ತೆಗೆಯಲಿ. ಶತಮಾನ ದಾಟಿದ ಮನೆಯ ಮುಂದೆ ಎಂಜಿನಿಯರ್ ಜೊತೆಗೆ ಹಳೆಯ ಕಟ್ಟಣೆ ಬಲ್ಲ ಒಬ್ಬರು ನಿಲ್ಲಲಿ. ಗೋಡೆಯ ಅಳತೆಯನ್ನು ಹೇಗೂ ಬರೆಯುತ್ತಾರೆ. ಅದೇ ಹಾಳೆಯಲ್ಲಿ ಮನೆಯ ನೆಲನಕ್ಷೆ, ಕಂಬದ ಕೆತ್ತನೆಯ ಫೋಟೊ, ಚೌಕಟ್ಟಿನ ಶಕೆ, ಹಂಚಿನ ಅಚ್ಚು, ಹಗೇವಿನ ಆಳ, ಮಾಳಿಗೆಯ ಪದರ ಇವೂ ಸೇರಲಿ. ಕಟ್ಟಿಸಿದವರ ಹೆಸರನ್ನು, ಗೊತ್ತಿದ್ದರೆ ಕಟ್ಟಿದ ಬಡಿಗೇರನ ಹೆಸರನ್ನು ಮನೆಯ ಹಿರಿಯರಿಂದ ಕೇಳಿ ಬರೆದುಕೊಳ್ಳಲಿ.

ಕೆಲಸಕ್ಕೆ ಕೈಗಳ ಕೊರತೆಯಿಲ್ಲ. ಬಾಗಲಕೋಟೆಯಲ್ಲಿ 1963ರಿಂದ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು ಇದೆ, ಸಿವಿಲ್ ಓದುವ ಹುಡುಗ ಹುಡುಗಿಯರು ಪ್ರತಿ ವರ್ಷ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಾರೆ. ಅವರಲ್ಲಿ ಬಹಳ ಮಂದಿಯ ಅಜ್ಜಿಯರು ಇಂಥ ಮನೆಗಳಲ್ಲೇ ಹಡೆದವರು. ಒಬ್ಬೊಬ್ಬರಿಗೆ ಒಂದೊಂದು ಮನೆ ಕೊಟ್ಟರೆ ಕೆಲವೇ ವರ್ಷಗಳಲ್ಲಿ ಒಂದು ಊರು ಕಾಗದದ ಮೇಲೆ ಏಳುತ್ತದೆ. ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆ ಆ ಹಾಳೆಗಳನ್ನು ಜೋಪಾನ ಮಾಡಲಿ, ನವನಗರದ ಗ್ರಂಥಾಲಯದಲ್ಲಿ ಒಂದು ಪ್ರತಿ ಇಡಲಿ. ಎತ್ತರದ ಜಾಗದಲ್ಲಿರುವ ಒಂದೆರಡು ಮನೆಗಳನ್ನಾದರೂ, ಒಂದು ಬಾಗಲಕೋಟೆಯಲ್ಲಿ, ಒಂದು ಕಲಾದಗಿಯಲ್ಲಿ, ಮಗ್ಗದ ಸಮೇತ ಒಂದು ಇಳಕಲ್ಲಿನಲ್ಲಿ, ಮಾಲೀಕರ ಒಪ್ಪಿಗೆ ಮತ್ತು ನ್ಯಾಯವಾದ ಬೆಲೆಯ ಮೇಲೆ ಊರಿನ ಆಸ್ತಿಯಾಗಿ ಕೊಂಡು, ಮಿರಗದ ಮಳೆಗೆ ಮುಂಚೆ ಹಾಳಮಣ್ಣು ಹಾಕಲು ಇನ್ನೂ ಬರುವ ಕೆಲಸಗಾರರನ್ನು ಹುಡುಕಿ ಸಂಬಳ ಕೊಟ್ಟು ಇಟ್ಟುಕೊಳ್ಳಲಿ. ಅಂಥವರು ಈಗ ಊರಿಗೆ ಒಬ್ಬಿಬ್ಬರು ಉಳಿದಿದ್ದಾರೆ, ಅವರಿಗೂ ವಯಸ್ಸಾಗಿದೆ.